ಕಡ್ಡಿ ಬೀಸುವವರಿಲ್ಲದ ಆರ್ಕೆಸ್ಟ್ರಾದಲ್ಲಿ ತಾಳ ಹಿಡಿಯೋರು ಯಾರು?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು. 14 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಇಲ್ಲಿಗೆ ಬಂದ ಮೇಲೆ ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ಕಲಿತೆ. ನಮ್ಮದೊಂದು ಹವ್ಯಾಸಿ ಗುಂಪಿದೆ. ಒಟ್ಟು 17 ಜನ, ಎಲ್ಲರೂ ತಂತಿವಾದ್ಯದವರು. ಮುಂದೆ ನಿಂತು ಕಡ್ಡಿ ಬೀಸಿ ನಮ್ಮನ್ನು ನಡೆಸುತ್ತಿದ್ದ ಕಂಡಕ್ಟರ್ ಬೇರೆ ಊರಿಗೆ ಹೋದರು. ಈ ಮಧ್ಯೆ ನಮ್ಮಲ್ಲಿ ಕೆಲವರು ನ್ಯೂಯಾರ್ಕಿನಲ್ಲಿ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾದ ಕಾರ್ಯಕ್ರಮ ನೋಡಿ ಬಂದರು. ಅಲ್ಲಿ ಕಂಡಕ್ಟರೇ ಇಲ್ಲ. ಈಗ ಅರ್ಧ ಜನ 'ನಾವೂ ಹಾಗೇ ನುಡಿಸೋಣ, ದುಡ್ಡೂ ಉಳಿಯುತ್ತೆ' ಅನ್ನುತ್ತಿದ್ದಾರೆ. ಎರಡು ರಿಹರ್ಸಲ್ ಆಯಿತು. ಎರಡನೇ ದಿನ ಚೈಕೋವ್‌ಸ್ಕಿಯ ಸೆರೆನೇಡ್ ಅನ್ನುವ ತಂತಿವಾದ್ಯಗಳ ಕೃತಿಯ ಕೊನೆಯ ಭಾಗದಲ್ಲಿ, ನಿಧಾನದಿಂದ ವೇಗಕ್ಕೆ ಹೊರಳುವ ಕಡೆ, 8 ಬಾರ್‌ಗೆ (ಬಾರ್ ಅಂದರೆ ನಮ್ಮ ಆವರ್ತದಂಥ ಒಂದು ಅಳತೆ) 40 ನಿಮಿಷ ಜಗಳ ಆಯಿತು. ನಮ್ಮಲ್ಲಿ ಚೆನ್ನಾಗಿ ನುಡಿಸುವ ಒಬ್ಬ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ವಾದಕಿ ಒಂದು ಮಾತೂ ಆಡದೆ ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದರು. ಮೂರು ತಿಂಗಳಿಗೆ ಕಾರ್ಯಕ್ರಮವಿದೆ. ಆ ಸೆರೆನೇಡ್ ಜೊತೆಗೆ ಮೊಟ್ಸಾರ್ಟ್‌ನ ಡಿ ಮೇಜರ್ ಡೈವರ್ಟಿಮೆಂಟೊ ಅನ್ನುವ ಲಘು ಕೃತಿ, ಅವರ ಕೃತಿಗಳ ಪಟ್ಟಿಯಲ್ಲಿ ಕೆ. 136. ನನ್ನ ಹೆಂಡತಿ ಕರ್ನಾಟಕ ಸಂಗೀತ ಹಾಡುತ್ತಾಳೆ. 'ನಮ್ಮ ಕಛೇರೀಲಿ ಯಾರು ಕಡ್ಡಿ ಬೀಸ್ತಾರೆ? ನಿಮಗ್ಯಾಕೆ ಬೇಕು?' ಅಂತ ನಗುತ್ತಾಳೆ. ನಿಜವಾಗಿ ಇಂಥ ಆರ್ಕೆಸ್ಟ್ರಾಗಳಲ್ಲಿ ಯಾರೂ ನಡೆಸುವವರು ಇರುವುದಿಲ್ಲವೇ, ಅಥವಾ ಒಳಗೊಳಗೇ ಯಾರೋ ಇರುತ್ತಾರಾ? ನಾವು ಮುಂದುವರಿಯಬಹುದಾ?

ಉತ್ತರ: 8 ಬಾರ್‌ಗೆ 40 ನಿಮಿಷ ಜಗಳ ಆಡಿದ್ದಕ್ಕೆ ನೀವು ಗಾಬರಿಯಾಗಬೇಕಿಲ್ಲ. ಕಂಡಕ್ಟರ್ ಇರುವ ಗುಂಪು, ಇಲ್ಲದ ಗುಂಪು, ಎರಡರಲ್ಲೂ 20 ವರ್ಷಕ್ಕಿಂತ ಜಾಸ್ತಿ ಪಿಟೀಲು ನುಡಿಸಿದ್ದೇನೆ. ಈಗ ಇಂಥ ಗುಂಪುಗಳಿಗೆ ಹೇಳಿಕೊಡುವ ಕೆಲಸವೂ ಇದೆ. ಮೊದಲ ತಿಂಗಳಲ್ಲಿ ಜಗಳವಾಡದ ಗುಂಪು ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಪೆಟ್ಟಿಗೆ ಮುಚ್ಚಿಕೊಂಡು ಹೋದ ಆ ಚೆಲ್ಲೊ ವಾದಕಿ. ಅವರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಮೊದಲು ನಿಮ್ಮ ಹೆಂಡತಿಯವರ ಮಾತು. ಅದು ತಮಾಷೆಯಾದರೂ ಒಳ್ಳೆಯ ಪ್ರಶ್ನೆ. ಕಛೇರಿಯಲ್ಲಿ ಕಡ್ಡಿ ಬೀಸುವವರಿಲ್ಲ, ನಿಜ. ಆದರೆ ಅಲ್ಲಿ ಮುಖ್ಯ ಕಲಾವಿದರು ಒಬ್ಬರೇ, ಪಕ್ಕವಾದ್ಯದವರು ಅವರನ್ನು ಹಿಂಬಾಲಿಸುತ್ತಾರೆ. ತಾಳ ಕೈಯಲ್ಲಿ ಎಲ್ಲರಿಗೂ ಕಾಣುತ್ತದೆ, ಕಾಲಪ್ರಮಾಣ ಒಮ್ಮೆ ಹಿಡಿದರೆ ಕೃತಿ ಮುಗಿಯುವವರೆಗೂ ಅದೇ. ಇದಕ್ಕಿಂತ ಹತ್ತಿರದ ಉದಾಹರಣೆ ತ್ಯಾಗರಾಜರ ಆರಾಧನೆಯ ಗೋಷ್ಠಿ ಗಾಯನ. ನೂರಾರು ಜನ ಪಂಚರತ್ನ ಕೃತಿಗಳನ್ನು ಒಟ್ಟಿಗೆ ಹಾಡುತ್ತಾರೆ, ಬಹುಮಟ್ಟಿಗೆ ಸರಿಯಾಗಿಯೇ ಹಾಡುತ್ತಾರೆ. ಯಾಕೆ? ಎಲ್ಲರಿಗೂ ಪೂರ್ತಿ ಕೃತಿ ಬಾಯಿಪಾಠ. ಎಲ್ಲರೂ ಹಾಡುವುದು ಒಂದೇ ಸಾಲು. ವೇಗ ಬದಲಾಗುವುದಿಲ್ಲ.

ಚೈಕೋವ್‌ಸ್ಕಿಯಲ್ಲಿ ಈ ಮೂರೂ ಇಲ್ಲ. ನಿಮ್ಮ ಸ್ಟ್ಯಾಂಡ್ ಮೇಲಿರುವ ಹಾಳೆಯಲ್ಲಿ ವಿಯೋಲಾ ಸಾಲು ಮಾತ್ರ ಇರುತ್ತದೆ. ಪಕ್ಕದವರು ಏನು ನುಡಿಸುತ್ತಾರೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಐದು ಬೇರೆ ಬೇರೆ ಸಾಲುಗಳು ಒಟ್ಟಿಗೆ ಓಡುತ್ತವೆ. ಜೊತೆಗೆ ವೇಗ ಎಲ್ಲೋ ಹಿಗ್ಗುತ್ತದೆ, ಎಲ್ಲೋ ಕುಗ್ಗುತ್ತದೆ, ಎಲ್ಲೋ ನಿಂತೇ ಬಿಡುತ್ತದೆ. ನಿಮ್ಮ ಜಗಳ ಸರಿಯಾಗಿ ಅಂಥ ಜಾಗದಲ್ಲೇ ಆಯಿತು, ಅಲ್ವಾ?

ಈ ಕಷ್ಟ ಹೊಸದೇನಲ್ಲ. 1922ರಲ್ಲಿ, ರಷ್ಯಾದ ಕ್ರಾಂತಿಯಾಗಿ ಐದು ವರ್ಷಕ್ಕೆ, ಮಾಸ್ಕೋದಲ್ಲಿ ಪೆರ್ಸಿಮ್‌ಫಾನ್ಸ್ ಅನ್ನುವ ಆರ್ಕೆಸ್ಟ್ರಾ ಶುರುವಾಯಿತು. ಆ ಹೆಸರೇ 'ಕಂಡಕ್ಟರ್ ಇಲ್ಲದ ಮೊದಲ ಸಿಂಫನಿ ತಂಡ' ಅನ್ನುವ ರಷ್ಯನ್ ಮಾತುಗಳ ತುಂಡುಗಳನ್ನು ಜೋಡಿಸಿದ್ದು. ಕಟ್ಟಿದವರು ಲೆವ್ ತ್ಸೈಟ್ಲಿನ್ ಅನ್ನುವ ಪಿಟೀಲು ವಾದಕರು. ಹಳೆಯ ಯಜಮಾನರೆಲ್ಲ ಹೋದ ಮೇಲೆ ಆರ್ಕೆಸ್ಟ್ರಾದ ಮುಂದೆ ಮಾತ್ರ ಒಬ್ಬ ಯಜಮಾನ ಯಾಕೆ ನಿಲ್ಲಬೇಕು ಅನ್ನುವುದು ಆ ಕಾಲದ ಮನಸ್ಸು. ಚಿಕ್ಕ ಗುಂಪಲ್ಲ, ಪೂರ್ತಿ ಸಿಂಫನಿ ಆರ್ಕೆಸ್ಟ್ರಾ. ಒಬ್ಬರಿಗೊಬ್ಬರು ಕಾಣಲಿ ಅಂತ ಸುತ್ತಲೂ ವೃತ್ತದಲ್ಲಿ ಕೂರುತ್ತಿದ್ದರು, ಕೆಲವರ ಬೆನ್ನು ಕೇಳುಗರ ಕಡೆಗಿರುತ್ತಿತ್ತು. ಕಾರ್ಖಾನೆಗಳಿಗೂ ಹೋಗಿ ನುಡಿಸುತ್ತಿದ್ದರು.

1927ರಲ್ಲಿ ರಷ್ಯನ್ ಸಂಯೋಜಕ ಪ್ರೊಕೋಫಿಯೆವ್ ವಿದೇಶದಿಂದ ಬಂದು ಅವರ ಜೊತೆ ಪಿಯಾನೊ ನುಡಿಸಿದರು. ಆಮೇಲೆ ಅವರು ಬರೆದದ್ದರ ಸಾರ ಇಷ್ಟು: ಕಷ್ಟದ ಸಂಗೀತವನ್ನೂ ಈ ಜನ ಚೆನ್ನಾಗಿ ನಿಭಾಯಿಸುತ್ತಾರೆ, ಸೋಲೊ ವಾದಕರ ಜೊತೆಗೂ ಸರಿಯಾಗಿ ಬರುತ್ತಾರೆ, ಅವರಿಗೆ ಕಷ್ಟವಾಗುವುದು ವೇಗ ಬದಲಾಗುವ ಕಡೆ, ಯಾಕೆಂದರೆ ಅಲ್ಲಿ ಎಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ಥರ ಅನ್ನಿಸಬೇಕು. ನಿಮ್ಮ 8 ಬಾರ್‌ಗಳ ಕಥೆಯೂ ಇದೇ. ಪೆರ್ಸಿಮ್‌ಫಾನ್ಸ್ ಹತ್ತು ವರ್ಷ ಬಾಳಿ 1932ರ ಹೊತ್ತಿಗೆ ನಿಂತುಹೋಯಿತು. ಅಷ್ಟರಲ್ಲಿ ಆ ದೇಶದ ಗಾಳಿಯೂ ಬದಲಾಗಿತ್ತು ಬಿಡಿ.

ಇನ್ನೊಂದು ಮಾತು. ಕಂಡಕ್ಟರ್ ಇಲ್ಲದೆ ನುಡಿಸುವುದು ಏನೋ ಹೊಸ ಕ್ರಾಂತಿ ಅಂತ ನಿಮ್ಮ ಗುಂಪಿನಲ್ಲಿ ಯಾರಾದರೂ ಅಂದರೆ ನಂಬಬೇಡಿ. ಬೆನ್ನು ತಿರುಗಿಸಿ ನಿಂತು ಬರೀ ಕಡ್ಡಿ ಬೀಸುವ ಕಸುಬು ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. 1791ರಲ್ಲಿ ಸಂಯೋಜಕ ಹೇಡನ್ ಲಂಡನ್ನಿಗೆ ಹೋದಾಗ ಅವರು ಕೀಬೋರ್ಡಿನ ಮುಂದೆ ಕೂತಿದ್ದರು, ಅವರನ್ನು ಕರೆಸಿದ ಸಾಲೊಮನ್ ಮೊದಲ ಪಿಟೀಲಿನಿಂದ ಎಲ್ಲರನ್ನೂ ನಡೆಸಿದರು. ಮೊಟ್ಸಾರ್ಟ್ ಕೆ. 136 ಬರೆದದ್ದು 1772ರಲ್ಲಿ, ಸಾಲ್ಸ್‌ಬರ್ಗ್‌ನಲ್ಲಿ, 16ನೇ ವಯಸ್ಸಿಗೆ. ಆಗ ಅದನ್ನು ನುಡಿಸುವಾಗ ಯಾರಾದರೂ ಮುಂದೆ ನಿಂತು ಕೈ ಬೀಸಿದ್ದರೆ ಜನ ನಕ್ಕಿರುತ್ತಿದ್ದರು. ಆರ್ಕೆಸ್ಟ್ರಾ ದೊಡ್ಡದಾಯಿತು, ಸಂಗೀತದ ವೇಗ ಬಾರಿಬಾರಿಗೂ ಬದಲಾಗತೊಡಗಿತು, ಕಂಡಕ್ಟರ್ ಬೇಕಾದರು.

ದೊಡ್ಡದಾದರೆ ಯಾಕೆ ಕಷ್ಟ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ನೀವು ಎಂಜಿನಿಯರ್, ನಿಮಗೆ ಇಷ್ಟವಾಗಬಹುದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆ 15 ಮೀಟರ್ ಅಗಲ ಇದ್ದರೆ ಆ ತುದಿಯ ಸದ್ದು ಈ ತುದಿಗೆ ಬರುವುದಕ್ಕೆ 44 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 132 ತಟ್ಟಿನ ವೇಗದಲ್ಲಿ ಒಂದು ತಟ್ಟಿಗೆ ನಾಲ್ಕು ಸ್ವರ ನುಡಿಸಿದರೆ ಒಂದೊಂದು ಸ್ವರಕ್ಕೆ ಸಿಗುವುದು 114 ಮಿಲಿಸೆಕೆಂಡ್ ಮಾತ್ರ. ಅಂದರೆ ಬರೀ ಕಿವಿ ನಂಬಿ ನುಡಿಸಿದರೆ ಆ ಮೂಲೆಯವರಿಗಿಂತ ನೀವು ಸ್ವರದ ಮೂರನೇ ಒಂದು ಭಾಗಕ್ಕೂ ಜಾಸ್ತಿ ಹಿಂದೆ ಬಿದ್ದಿರುತ್ತೀರಿ. ಅವರು ನಿಮ್ಮನ್ನು ಕೇಳಿ ನಿಧಾನ ಮಾಡುತ್ತಾರೆ, ನೀವು ಅವರನ್ನು ಕೇಳಿ ಇನ್ನೂ ನಿಧಾನ ಮಾಡುತ್ತೀರಿ. ಎತ್ತಿನ ಗಾಡಿ. ಕಂಡಕ್ಟರ್ ಇದ್ದರೆ ಎಲ್ಲರೂ ಕಡ್ಡಿ ನೋಡುತ್ತಾರೆ, ಬೆಳಕಿಗೆ ಈ ತಡ ಇಲ್ಲ. ನೀವು 17 ಜನ. ಕುರ್ಚಿಗಳನ್ನು ಒತ್ತಾಗಿ ಅರ್ಧವೃತ್ತಕ್ಕೆ ಹಾಕಿದರೆ 6 ಮೀಟರ್ ಒಳಗೆ ಕೂರಬಹುದು. ಆಗ ಈ ತೊಂದರೆ ಬಹುಪಾಲು ಹೋಗುತ್ತದೆ. ನನ್ನ ಮೊದಲ ಸಲಹೆ ಇದೇ, ಇದಕ್ಕೆ ಕಾಸೂ ಬೇಕಿಲ್ಲ. ಹವ್ಯಾಸಿಗಳು ಸ್ಟ್ಯಾಂಡುಗಳನ್ನು ದೂರ ದೂರ ಇಟ್ಟುಕೊಂಡು, ಕಾಲು ಚಾಚಿಕೊಂಡು ಕೂರುತ್ತಾರೆ. ಸ್ಟ್ಯಾಂಡ್ ಎತ್ತರ ಮಾಡಿ ಮುಖ ಮುಚ್ಚಿಕೊಂಡಿರುತ್ತಾರೆ. ಸ್ಟ್ಯಾಂಡ್ ಎದೆಗಿಂತ ಕೆಳಗಿಳಿಸಿ, ಇನ್ನೊಬ್ಬರ ಕಮಾನು ಕಾಣಬೇಕು.

ಈಗ ಆರ್ಫಿಯಸ್. 'ಒಳಗೊಳಗೇ ಯಾರೋ ಇರುತ್ತಾರಾ' ಅಂತ ಕೇಳಿದ್ದೀರಿ. ಗುಟ್ಟಾಗಿ ಒಬ್ಬರು ಇರುವುದಿಲ್ಲ, ಎಲ್ಲರಿಗೂ ಗೊತ್ತಿದ್ದೇ ಬಹಳ ಜನ ಇರುತ್ತಾರೆ. 1972ರಲ್ಲಿ ಚೆಲ್ಲೊ ವಾದಕ ಜೂಲಿಯನ್ ಫೈಫರ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಇದನ್ನು ಶುರು ಮಾಡಿದರು. ನಾಲ್ಕು ಜನರ ಕ್ವಾರ್ಟೆಟ್‌ನಲ್ಲಿ ಇರುವ ಮಾತುಕತೆ, ಹೊಣೆ, ಆತ್ಮೀಯತೆ ಮೂವತ್ತು ಜನರ ಗುಂಪಿನಲ್ಲೂ ಸಾಧ್ಯವಾ ಅನ್ನುವುದು ಅವರ ಆಸೆ. ಮೊದಮೊದಲು ಎಲ್ಲರೂ ಎಲ್ಲದರ ಬಗ್ಗೆಯೂ ಮಾತಾಡಿದರು. ಯಾರು ಯಾವ ಬಾರ್‌ನಲ್ಲಾದರೂ ನಿಲ್ಲಿಸಿ ಅಭಿಪ್ರಾಯ ಹೇಳಬಹುದು. ಏನಾಗಿರುತ್ತದೆ ಅಂತ ನಾನು ಹೇಳಬೇಕಿಲ್ಲ, ನೀವು ಹೋದ ವಾರವಷ್ಟೇ ಅನುಭವಿಸಿದ್ದೀರಿ.

ಆಮೇಲೆ ಅವರು ಒಂದು ದಾರಿ ಕಂಡುಕೊಂಡರು. ಪ್ರತಿ ಕೃತಿಗೂ ಒಂದು ಸಣ್ಣ ತಿರುಳು ತಂಡ. ಆ ಕೃತಿಗೆ ಒಬ್ಬ ಕನ್ಸರ್ಟ್‌ಮಾಸ್ಟರ್ (ಮೊದಲ ಪಿಟೀಲಿನ ಮುಂದಾಳು), ಪ್ರತಿ ವಾದ್ಯ ವಿಭಾಗದಿಂದ ಒಬ್ಬೊಬ್ಬರು, ಹೀಗೆ ಐದರಿಂದ ಹತ್ತು ಜನ. ಪೂರ್ತಿ ಆರ್ಕೆಸ್ಟ್ರಾ ಸೇರುವ ಮೊದಲೇ ಇವರು ಸೇರಿ ವೇಗ, ಕಮಾನಿನ ದಿಕ್ಕು, ಎಲ್ಲಿ ಉಸಿರು, ಎಲ್ಲಿ ಏರಬೇಕು ಅನ್ನುವುದನ್ನು ನಿರ್ಧರಿಸುತ್ತಾರೆ. ಆಮೇಲೆ ಎಲ್ಲರೂ ಸೇರಿದಾಗ ಆ ನಕ್ಷೆಯನ್ನು ಮುಂದಿಡುತ್ತಾರೆ. ಆಗ ಉಳಿದವರು ಬದಲಾವಣೆ ಹೇಳಬಹುದು, ಹೇಳುತ್ತಾರೆ ಕೂಡ. ಇನ್ನೊಂದು ಕೃತಿ ಬಂದರೆ ಕನ್ಸರ್ಟ್‌ಮಾಸ್ಟರ್ ಬೇರೆ, ತಿರುಳು ತಂಡವೂ ಬೇರೆ. ಮೊದಲ ಕೃತಿಯಲ್ಲಿ ಮುಂದಾಳಾಗಿದ್ದವರು ಎರಡನೆಯದರಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಬೇರೆಯವರು ಹೇಳಿದ್ದನ್ನು ನುಡಿಸುತ್ತಾರೆ. ಕಾರ್ಯಕ್ರಮ ಹತ್ತಿರ ಬಂದಾಗ ಒಬ್ಬೊಬ್ಬರಾಗಿ ವಾದ್ಯ ಇಟ್ಟು ಸಭಾಂಗಣಕ್ಕೆ ಇಳಿದು, ಕೇಳುಗರ ಸೀಟಿನಲ್ಲಿ ಕೂತು, ಯಾವುದು ಜಾಸ್ತಿ ಯಾವುದು ಕಮ್ಮಿ ಅಂತ ಹೇಳುತ್ತಾರೆ. ಕಂಡಕ್ಟರ್ ನಿಂತ ಜಾಗದಲ್ಲಿ ಕೇಳುವ ಕಿವಿಯ ಬದಲಿಗೆ ಇದು.

ನೋಡಿ, ಕಂಡಕ್ಟರ್ ಅನ್ನುವ ಮನುಷ್ಯ ಇಲ್ಲ. ಆದರೆ ಕಂಡಕ್ಟರ್ ಮಾಡುವ ಕೆಲಸಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ. ನಿಮ್ಮ ಗುಂಪು ತಪ್ಪಿದ್ದು ಇಲ್ಲಿ. ನೀವು ಮನುಷ್ಯನನ್ನು ತೆಗೆದಿರಿ, ಕೆಲಸ ಯಾರಿಗೂ ಹಂಚಲಿಲ್ಲ. 17 ಜನರ ನಡುವೆ ಹಂಚದ ಕೆಲಸ ಯಾರ ಕೈಗೆ ಹೋಗುತ್ತದೆ ಗೊತ್ತಲ್ಲ? ಯಾರ ಗಂಟಲು ದೊಡ್ಡದೋ ಅವರ ಕೈಗೆ.

ಗುಂಪುಗಳ ಕೆಲಸವನ್ನು ಅಧ್ಯಯನ ಮಾಡಿದ ಹಾರ್ವರ್ಡ್‌ನ ಪ್ರೊಫೆಸರ್ ರಿಚರ್ಡ್ ಹ್ಯಾಕ್‌ಮನ್ ಆರ್ಫಿಯಸ್ ಬಗ್ಗೆಯೂ ಬರೆದರು. ಇಲ್ಲಿ ನಾಯಕತ್ವ ಇಲ್ಲ ಅನ್ನುವುದು ತಪ್ಪು, ಹೆಸರಾಂತ ಕಂಡಕ್ಟರುಗಳಿರುವ ಆರ್ಕೆಸ್ಟ್ರಾಗಳಿಗಿಂತ ಇಲ್ಲೇ ನಾಯಕತ್ವ ಜಾಸ್ತಿ ಇದೆ ಅನ್ನುವ ಅರ್ಥದ ಮಾತು ಅವರದು. ಅವರೂ ಜೊತೆಗಾರರೂ ನಾಲ್ಕು ದೇಶಗಳ 78 ಆರ್ಕೆಸ್ಟ್ರಾಗಳನ್ನು ನೋಡಿದ್ದರು. ಕೆಲಸದ ತೃಪ್ತಿಯಲ್ಲಿ ಸಿಂಫನಿ ವಾದಕರು ಅಮೆರಿಕದ ಜೈಲು ಕಾವಲುಗಾರರಿಗಿಂತ ಒಂದು ಮೆಟ್ಟಿಲು ಕೆಳಗೆ ಬಂದರು! ನನಗೇನೂ ಆಶ್ಚರ್ಯ ಆಗಲಿಲ್ಲ. ದೊಡ್ಡ ಆರ್ಕೆಸ್ಟ್ರಾದ ಎರಡನೇ ಪಿಟೀಲಿನ ಹಿಂದಿನ ಸಾಲಿನಲ್ಲಿ ಕೂತಿದ್ದಾಗ ನನ್ನ ಅಭಿಪ್ರಾಯವನ್ನು ಯಾರೂ ಕೇಳಿದ್ದೇ ಇಲ್ಲ. ಆರ್ಫಿಯಸ್ ಥರದ ಗುಂಪಿಗೆ ಜನ ಯಾಕೆ ಹಂಬಲಿಸುತ್ತಾರೆ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ದುಡ್ಡು ಉಳಿಯುತ್ತದೆ ಅನ್ನುವ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಉಳಿಯುವುದಿಲ್ಲ. ಕಂಡಕ್ಟರ್ ಎರಡು ಗಂಟೆಯಲ್ಲಿ ಮುಗಿಸುವುದಕ್ಕೆ ನಿಮಗೆ ನಾಲ್ಕು ಗಂಟೆ ಬೇಕು, ಹಾಲ್ ಬಾಡಿಗೆ ಆ ಲೆಕ್ಕದಲ್ಲೇ ಏರುತ್ತದೆ. ದುಡ್ಡು ಉಳಿಸಲು ಈ ದಾರಿ ಹಿಡಿಯಬೇಡಿ. ನಿಮ್ಮ ಜನಕ್ಕೆ ಇದರಲ್ಲಿ ಆಸೆ ಇದ್ದರೆ ಮಾತ್ರ ಹಿಡಿಯಿರಿ.

ಆಸೆ ಇದೆ ಅಂತ ಇಟ್ಟುಕೊಳ್ಳೋಣ. ನಿಮ್ಮ ಮುಂದೆ ಮೂರು ದಾರಿಗಳಿವೆ, ಮೊದಲ ಎರಡರಲ್ಲೂ ಒಂದೊಂದು ಗುಂಡಿ ಇದೆ.

ಸುಲಭದ್ದು, ಒಬ್ಬರೇ ಮೊದಲ ಪಿಟೀಲಿನಿಂದ ಎಲ್ಲರನ್ನೂ ನಡೆಸುವುದು. ಯಕ್ಷಗಾನದ ಭಾಗವತರ ಹಾಗೆ ಅಂದುಕೊಳ್ಳಿ. ಅವರು ಹೊರಗೆ ನಿಂತು ನಿರ್ದೇಶನ ಮಾಡುವುದಿಲ್ಲ. ತಾವೇ ಹಾಡುತ್ತ, ಜಾಗಟೆ ಬಡಿಯುತ್ತ ಚೆಂಡೆ ಮದ್ದಳೆಯನ್ನೂ ವೇಷಧಾರಿಗಳನ್ನೂ ಎಳೆದುಕೊಂಡು ಹೋಗುತ್ತಾರೆ. ಲಂಡನ್ನಿನ ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ 1959ರಲ್ಲಿ ಟ್ರಫಾಲ್ಗರ್ ಚೌಕದ ಆ ಚರ್ಚಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟಾಗ ಹೀಗೇ ಇತ್ತು, ನೆವಿಲ್ ಮ್ಯಾರಿನರ್ ಪಿಟೀಲು ಹಿಡಿದು ನಡೆಸುತ್ತಿದ್ದರು. ಆಸ್ಟ್ರೇಲಿಯನ್ ಚೇಂಬರ್ ಆರ್ಕೆಸ್ಟ್ರಾದಲ್ಲಿ ರಿಚರ್ಡ್ ಟೊನ್ಯೆಟ್ಟಿ ಮಾಡಿದ್ದೂ ಇದನ್ನೇ. ಕೆಲಸ ಬೇಗ ಆಗುತ್ತದೆ. ಗುಂಡಿ ಏನು? ಆ ಒಬ್ಬರು ನಿಧಾನವಾಗಿ ಕಡ್ಡಿ ಇಲ್ಲದ ಕಂಡಕ್ಟರ್ ಆಗುತ್ತಾರೆ, ಉಳಿದವರು ಮತ್ತೆ ಹಿಂದಿನ ಸಾಲಿನವರಾಗುತ್ತಾರೆ. ಅಕಾಡೆಮಿಯಲ್ಲೂ ಕೃತಿಗಳು ದೊಡ್ಡದಾದ ಹಾಗೆ ಮ್ಯಾರಿನರ್ ಪಿಟೀಲು ಕೆಳಗಿಟ್ಟು ಎದ್ದು ನಿಂತರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮಗೆ ಬೇಕಾದ್ದು ಅದೇನಾ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನೊಂದು, ಸರದಿ. ನಿಮ್ಮ ಅಳತೆಗೆ ಆರ್ಫಿಯಸ್‌ಗಿಂತ ಸರಿಹೊಂದುವುದು ಬಾಸ್ಟನ್ನಿನ 'ಎ ಫಾರ್ ಕ್ರೈ'. 2007ರಲ್ಲಿ ಶುರುವಾದ ತಂಡ, ಹೆಚ್ಚು ಕಮ್ಮಿ ನಿಮ್ಮಷ್ಟೇ ಜನ, ಎಲ್ಲರೂ ತಂತಿವಾದ್ಯದವರೇ. ಪ್ರತಿ ಕೃತಿಗೂ ಕುರ್ಚಿ ಬದಲಾಗುತ್ತದೆ, ಮುಂದಾಳುಗಳು ಬದಲಾಗುತ್ತಾರೆ. ಚೆಲ್ಲೊದವರನ್ನು ಬಿಟ್ಟು ಉಳಿದವರು ನಿಂತೇ ನುಡಿಸುತ್ತಾರೆ. ನಿಂತರೆ ಮೈ ಮಾತಾಡುತ್ತದೆ, ಒಬ್ಬರ ಭುಜ ಏಳುವುದು ಇನ್ನೊಬ್ಬರಿಗೆ ಕಾಣುತ್ತದೆ. ಒಂದು ದಿನ ನಿಮ್ಮವರನ್ನೂ ನಿಲ್ಲಿಸಿ ನೋಡಿ. ಸರದಿಯ ಗುಂಡಿ ಅಂದರೆ ಸಮಯ, ಜೊತೆಗೆ ಮುಜುಗರ. ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ನಡೆಸುವುದಿಲ್ಲ. ಅದು ಎಲ್ಲರ ಮುಂದೆ ಗೊತ್ತಾಗುತ್ತದೆ.

ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ, ನನಗೆ ಮಾತ್ರ ಬಹಳ ಇಷ್ಟ. ಹೊರಗಿನ ಒಬ್ಬ ಅನುಭವಿಯನ್ನು ಎರಡು ರಿಹರ್ಸಲ್‌ಗೆ ಕರೆಸಿ. ಕಡ್ಡಿ ಬೀಸಲಿಕ್ಕಲ್ಲ, ಮೂಲೆಯಲ್ಲಿ ಕೂತು ಕೇಳಲಿಕ್ಕೆ. ಕಾರ್ಯಕ್ರಮದ ದಿನ ಅವರು ಬರುವುದು ಬೇಡ. ಹವ್ಯಾಸಿ ಗುಂಪುಗಳಿಗೆ ಸಭಾಂಗಣಕ್ಕೆ ಇಳಿದು ಕೇಳುವಷ್ಟು ಪುರಸೊತ್ತು ಇರುವುದಿಲ್ಲ, ಒಬ್ಬರು ಇಳಿದರೂ ಅವರ ವಿಭಾಗ ಕುಂಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಸರದಿಯನ್ನೂ ಇದನ್ನೂ ಸೇರಿಸುತ್ತಿದ್ದೆ.

ಒಂದು ಸಲ ನಾನೇ ಬಿದ್ದ ಕಥೆ ಹೇಳಲೇಬೇಕು. ಅದೇ ಚೈಕೋವ್‌ಸ್ಕಿ, ಅದೇ ಜಾಗ. ಹದಿನೈದು ಜನರ ಗುಂಪು, ಹೆಸರು ಬೇಡ. ಕೊನೆಯ ಭಾಗ ಸದ್ದು ತಗ್ಗಿಸುವ ಮ್ಯೂಟ್ ಹಾಕಿಕೊಂಡು ನಿಧಾನವಾಗಿ ಶುರುವಾಗುತ್ತದೆ, ಆಮೇಲೆ ವೇಗದ ರಾಗ ಚೂರು ಚೂರಾಗಿ ಇಣುಕುತ್ತದೆ, ಆಮೇಲೆ ಓಟ. ರಿಹರ್ಸಲ್‌ನಲ್ಲಿ ಪ್ರತಿ ಸಲವೂ ಸರಿ ಬಂತು. ಯಾಕೆ ಸರಿ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ. ಕಾರ್ಯಕ್ರಮದ ದಿನ ವೇದಿಕೆ ಅಗಲ ಇತ್ತು, ಕುರ್ಚಿ ದೂರ ಹಾಕಿದರು. ಆ ತಿರುವಿನಲ್ಲಿ ವಿಯೋಲಾದವರು ನನ್ನನ್ನು ನೋಡಿದರು, ಚೆಲ್ಲೊದವರು ಡಬಲ್ ಬೇಸ್ ಕಡೆ ನೋಡಿದರು, ನಾನು ಎರಡನೇ ಪಿಟೀಲಿನವರ ಉಸಿರಿಗೆ, ಅಂದರೆ ಹೊರಡುವ ಮೊದಲು ಉಸಿರೆಳೆದು ಕೊಡುವ ಸನ್ನೆಗೆ, ಕಾಯುತ್ತಿದ್ದೆ. ಅವರು ನನ್ನ ಉಸಿರಿಗೆ ಕಾಯುತ್ತಿದ್ದರು. ಅರ್ಧ ಜನ ಹೊರಟರು, ಅರ್ಧ ಜನ ಉಳಿದರು. ಎರಡು ಬಾರ್ ಸಂತೆ. ಹೇಗೋ ಸೇರಿಕೊಂಡೆವು, ಕೇಳುಗರಲ್ಲಿ ಕೆಲವರಿಗೆ ಗೊತ್ತೂ ಆಗಲಿಲ್ಲವಂತೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆವತ್ತಿನಿಂದ ನನ್ನದೊಂದು ನಿಯಮ. ಪ್ರತಿ ತಿರುವಿಗೂ ಒಬ್ಬರ ಹೆಸರು ಬರೆಯಬೇಕು. ಪೆನ್ಸಿಲ್‌ನಲ್ಲಿ, ಎಲ್ಲ 17 ಹಾಳೆಗಳಲ್ಲಿ. ಎಲ್ಲಿ ಶುರು, ಎಲ್ಲಿ ನಿಲುಗಡೆ, ನಿಲುಗಡೆ ಆದ ಮೇಲೆ ಯಾರ ಉಸಿರಿಗೆ ಹೊರಡಬೇಕು, ಎಲ್ಲಿ ನಿಧಾನವಾಗುತ್ತದೆ, ಅದನ್ನು ಯಾರ ಕಮಾನು ನಿಧಾನ ಮಾಡುತ್ತದೆ. ಆ ಹೆಸರು ಮೊದಲ ಪಿಟೀಲಿನದೇ ಆಗಬೇಕಿಲ್ಲ. ಆ ಕ್ಷಣದಲ್ಲಿ ಚಲಿಸುವ ಸ್ವರಗಳು ಯಾರ ಕೈಯಲ್ಲಿವೆಯೋ ಅವರದಾಗಬೇಕು.

ಕೆ. 136ರ ಶುರು ತೆಗೆದುಕೊಳ್ಳಿ. ಮೊದಲ ಪಿಟೀಲು ಮೇಲೆ ಒಂದು ಉದ್ದ ಸ್ವರ ಹಿಡಿದು ಆಮೇಲೆ ಜಾರುತ್ತದೆ. ಎಲ್ಲರ ಕಣ್ಣೂ ಅವರ ಮೇಲೆ. ಆದರೆ ಉದ್ದ ಸ್ವರದಲ್ಲಿ ವೇಗ ಎಲ್ಲಿದೆ? ವೇಗ ಇರುವುದು ಕೆಳಗಿನ ವಾದ್ಯಗಳಲ್ಲಿ. ಅಲ್ಲಿ ಒಂದೇ ಸಮನೆ ಟಕ ಟಕ ಅಂತ ಅರ್ಧ ತಟ್ಟಿನ ಸ್ವರಗಳು ತಟ್ಟುತ್ತಿರುತ್ತವೆ. ಹವ್ಯಾಸಿ ಗುಂಪುಗಳಲ್ಲಿ ಕೆಳಗಿನವರು ಪಿಟೀಲನ್ನು ಹಿಂಬಾಲಿಸುತ್ತಾರೆ, ಪಿಟೀಲಿನವರು ಜಾರುವ ಸ್ವರಗಳಲ್ಲಿ ಓಡುತ್ತಾರೆ, ಎಲ್ಲ ಒಟ್ಟಿಗೆ ಹಳಿ ತಪ್ಪುತ್ತದೆ. ತಿರುಗಿಸಿ ಮಾಡಿ. ಒಂದು ಸಲ ಪಿಟೀಲಿನವರನ್ನು ಸುಮ್ನೆ ಕೂರಿಸಿ, ಕೆಳಗಿನವರು ಮಾತ್ರ 20 ಬಾರ್ ನುಡಿಸಲಿ. ಆಮೇಲೆ ಪಿಟೀಲು ಅದರ ಮೇಲೆ ಬಂದು ಕೂರಲಿ. ಹತ್ತು ನಿಮಿಷದ ಕೆಲಸ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಚೈಕೋವ್‌ಸ್ಕಿ ಪೂರ್ತಿ ಮೂರು ತಿಂಗಳಲ್ಲಿ ಆಗುತ್ತದಾ ಅಂದರೆ, ನಿಜ ಹೇಳುತ್ತೇನೆ, ನನಗೆ ಅನುಮಾನ. ಎರಡನೇ ಭಾಗದ ವಾಲ್ಟ್ಸ್ ಮಾತ್ರ ಇಟ್ಟುಕೊಂಡು, ಉಳಿದ ಸಮಯಕ್ಕೆ ಗ್ರೀಗ್‌ನ ಹೋಲ್‌ಬರ್ಗ್ ಸೂಟ್ ಹಾಕಬಹುದು. ಅದರ ಮೊದಲ ಭಾಗ ಕುದುರೆ ಓಟದ ಹಾಗೆ ಒಂದೇ ಲಯದಲ್ಲಿ ಹೋಗುತ್ತದೆ, ಕಂಡಕ್ಟರ್ ಇಲ್ಲದವರಿಗೆ ವರ. ವೇಗದ್ದು ಕಷ್ಟ, ನಿಧಾನದ್ದು ಸುಲಭ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ ಕಸುಬಿನಲ್ಲಿ ಅದು ಉಲ್ಟಾ. ವೇಗದ ಸಂಗೀತದಲ್ಲಿ ಸ್ವರಗಳೇ ಕೈ ಹಿಡಿದು ನಡೆಸುತ್ತವೆ. ನಿಧಾನದಲ್ಲಿ ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಬಯಲು, 17 ಜನ 17 ಥರ ಎಣಿಸುತ್ತಾರೆ. ಬಾರ್ಬರ್‌ನ ನಿಧಾನದ ಕೃತಿ ಅಡಾಜಿಯೊ ನುಡಿಸೋಣ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಈ ವರ್ಷ ಬೇಡ ಅನ್ನಿ.

ಜಗಳದ ಬಗ್ಗೆ. ಅದನ್ನು ನಿಲ್ಲಿಸಲು ಆಗುವುದಿಲ್ಲ, ಚಿಕ್ಕದು ಮಾಡಬಹುದು. ಸೆರೆನೇಡ್‌ಗೆ ಐದು ಜನ, ಮೊಟ್ಸಾರ್ಟ್‌ಗೆ ಬೇರೆ ಐದು ಜನ, ಇಬ್ಬರು ಎರಡರಲ್ಲೂ ಇದ್ದರೂ ಸರಿ. ಆ ಐವರು ಯಾರದಾದರೂ ಮನೆಯಲ್ಲಿ ಕಾಫಿ ಕುಡಿಯುತ್ತ, ಎಲ್ಲ ವಾದ್ಯಗಳ ಸಾಲೂ ಇರುವ ಸ್ಕೋರ್ ಮುಂದಿಟ್ಟುಕೊಂಡು ಮೊದಲೇ ಜಗಳ ಮುಗಿಸಲಿ. ಪೂರ್ತಿ ರಿಹರ್ಸಲ್‌ನಲ್ಲಿ ಅಭಿಪ್ರಾಯ ಭೇದ ಬಂದರೆ ವಾದ ಬೇಡ, ಎರಡೂ ರೀತಿ ನುಡಿಸಿ. ಒಬ್ಬರು ಎದ್ದು ದೂರ ಹೋಗಿ ಕೇಳಲಿ. ಹತ್ತರಲ್ಲಿ ಎಂಟು ಸಲ ನುಡಿಸಿದ ಕೂಡಲೇ ಉತ್ತರ ಸಿಕ್ಕಿಬಿಡುತ್ತದೆ. ಉಳಿದ ಎರಡು ಸಲ ಆ ಕೃತಿಯ ಕನ್ಸರ್ಟ್‌ಮಾಸ್ಟರ್ ಹೇಳಿದ್ದೇ ಕೊನೆ. ಸೋತವರು ಮುಖ ಸಣ್ಣದು ಮಾಡಿಕೊಳ್ಳದೆ ಗೆದ್ದವರ ಹಾಗೇ ನುಡಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ, ನನಗೇ ವರ್ಷಗಟ್ಟಲೆ ಬೇಕಾಯಿತು. 'ನೀವು ಶ್ರುತಿ ತಪ್ಪಿದ್ದೀರಿ' ಅನ್ನುವ ಮಾತನ್ನು ಒಬ್ಬರ ಹೆಸರು ಹಿಡಿದು ಎಲ್ಲರ ಮುಂದೆ ಹೇಳಬೇಡಿ. 'ಆ ಸ್ವರ ಇನ್ನೊಮ್ಮೆ ಕೂರಿಸೋಣವಾ' ಅಂದರೆ ತಪ್ಪಿದವರಿಗೆ ಗೊತ್ತಾಗಿಯೇ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಆರು ವಾರದ ಹೊತ್ತಿಗೆ ತಿರುವುಗಳು ಸೇರುತ್ತಿಲ್ಲ ಅಂದರೆ ಕಂಡಕ್ಟರ್ ಒಬ್ಬರನ್ನು ಕರೆಸಿಕೊಳ್ಳಿ. ಸೋತೆವು ಅಂತ ಯಾರೂ ಅಂದುಕೊಳ್ಳಬೇಕಿಲ್ಲ. ಆರ್ಫಿಯಸ್‌ನವರು ಇದೇ ಹೊಟ್ಟೆಪಾಡಿನವರು, ದಿನಕ್ಕೆ ಗಂಟೆಗಟ್ಟಲೆ ವಾದ್ಯ ಹಿಡಿಯುವವರು. ನೀವು ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬರುವವರು.

ಈಗ ಆ ಚೆಲ್ಲೊ ವಾದಕಿ. 40 ನಿಮಿಷ ಯಾರು ಯಾರು ಮಾತಾಡಿದರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮೂರು ನಾಲ್ಕು ಜನ ಇರಬಹುದು, ಬಹುಶಃ ಪಿಟೀಲಿನವರೇ. ಆ ಚೆಲ್ಲೊ ವಾದಕಿಯನ್ನು ಯಾರಾದರೂ ಕೇಳಿದಿರಾ? ಕಂಡಕ್ಟರ್ ಇದ್ದಾಗ ಮಾತಾಡದವರಿಗೂ ಒಂದು ರಕ್ಷಣೆ ಇತ್ತು, ಕಂಡಕ್ಟರ್ ಅವರ ಕಡೆ ತಿರುಗಿ 'ಚೆಲ್ಲೊ, ಇನ್ನೂ ಸ್ವಲ್ಪ' ಅನ್ನುತ್ತಿದ್ದರು. ಈಗ ಆ ಕೆಲಸ ಮಾಡುವವರಿಲ್ಲ. ಮಾತು ಕಮ್ಮಿ ಇರುವವರೇ ಸಾಮಾನ್ಯವಾಗಿ ಚೆನ್ನಾಗಿ ಕೇಳಿಸಿಕೊಳ್ಳುವವರು. ನಿಮಗೆ ಬೇಕಾಗಿರುವುದು ಅದೇ ಕಿವಿ.

ಮುಂದಿನ ರಿಹರ್ಸಲ್‌ಗೆ ಮೊದಲು ಅವರಿಗೆ ಫೋನ್ ಮಾಡಿ, ಗುಂಪಿನ ವಾಟ್ಸಾಪ್‌ನಲ್ಲಿ ಬೇಡ. ಬನ್ನಿ ಅಂತ ಬರೀ ಸಮಾಧಾನ ಹೇಳುವುದೂ ಬೇಡ, ಕೆಲಸ ಕೊಡಿ. ಕೆ. 136ರ ಶುರು ಅವರ ಉಸಿರಿಗೆ ಅಂತ ಹೇಳಿ. ಆಮೇಲೆ ನೀವು ಪೆನ್ಸಿಲ್ ತೆಗೆದುಕೊಂಡು ನಿಮ್ಮ ವಿಯೋಲಾ ಹಾಳೆಯ ಮೊದಲ ಬಾರ್‌ನ ಮೇಲೆ ಅವರ ಹೆಸರು ಬರೆದುಕೊಳ್ಳಿ.